ಆಕ್ಸ್‌ಫರ್ಡ್ ಕಾಲುವೆಯಲ್ಲಿ ವಾರದ ಬಾಡಿಗೆ ದೋಣಿ: ಗಂಡ-ಹೆಂಡತಿ ಇಬ್ಬರಿಗೆ ಸಾಕೇ, ಸಾಧ್ಯವೇ?

ನಮ್ಮ ಕಡೆ ಕಾಲುವೆ ಅಂದರೆ ನವಿಲುತೀರ್ಥದಿಂದ ಬರುವ ಮಲಪ್ರಭಾ ಕಾಲುವೆ. ನವಲಗುಂದ, ನರಗುಂದದ ಹೊಲಗಳಿಗೆ ನೀರು ಮುಟ್ಟಿಸುವುದು ಅದರ ಕೆಲಸ. ಅದರಲ್ಲಿ ದೋಣಿ ಬಿಡುತ್ತೇನೆ ಅಂದರೆ ಊರ ಮಂದಿ ನಕ್ಕಾರು. ಇಂಗ್ಲೆಂಡಿನ ಕಾಲುವೆಗಳನ್ನು ತೋಡಿದ್ದೇ ದೋಣಿಗಾಗಿ. 1761ರಲ್ಲಿ ವರ್ಸ್ಲಿಯ ಗಣಿಗಳ ಕಲ್ಲಿದ್ದಲು ಸಾಗಿಸಲು ಬ್ರಿಡ್ಜ್‌ವಾಟರ್ ಕಾಲುವೆ ತೆರೆಯಿತು, ಆಮೇಲೆ ದೇಶದ ತುಂಬ ಅದೇ ಹುಚ್ಚು ಹಬ್ಬಿತು. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಹೋಗುವುದು ದೋಣಿ ಮಾತ್ರ. ಸರಕು ಹೊರುತ್ತಿದ್ದ ಆ ಉದ್ದನೆಯ, ಸಪೂರ ದೋಣಿಯ ಆಕಾರದಲ್ಲೇ ಈಗ ಮಂಚ, ಒಲೆ, ಸ್ನಾನದ ಕೋಣೆ ಕೂಡಿಸಿ ಬಾಡಿಗೆಗೆ ಕೊಡುತ್ತಾರೆ. ಅದೇ ನ್ಯಾರೋಬೋಟ್.

ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯನ್ನಲ್ಲ, ಈ ಬಾಡಿಗೆ ಸೇವೆಯನ್ನೇ. ಇಬ್ಬರೇ ಜನ, ಒಂದು ವಾರ, ದಕ್ಷಿಣ ಆಕ್ಸ್‌ಫರ್ಡ್ ಕಾಲುವೆಯಲ್ಲಿ ನ್ಯಾಪ್ಟನ್‌ನಿಂದ ಬ್ಯಾನ್‌ಬರಿಗೆ ಹೋಗಿ ಮರಳುವ ಲೆಕ್ಕ. 10ಕ್ಕೆ 7 ಅಂಕ. ಉಳಿದ ಮೂರನ್ನು ಶೌಚಾಲಯ, ಕರೆಂಟು ಮತ್ತು ಬುಕಿಂಗ್ ಹೊತ್ತಿನಲ್ಲಿ ಬಾಯಿ ಬಿಡದ ಮೇಲ್ಖರ್ಚು ಹಂಚಿಕೊಂಡು ತಿಂದಿವೆ.

ಮೊದಲು ಮೇಲ್ಖರ್ಚು. ತೋರಿಸುವ ದರ ಬರೀ ದೋಣಿಯದು. ಡೀಸೆಲ್, ಹಾನಿಯ ಠೇವಣಿ ಅಥವಾ ಅದರ ಬದಲಿಗೆ ಕಟ್ಟುವ ಶುಲ್ಕ, ಕೆಲವೆಡೆ ಹಾಸಿಗೆ-ಟವೆಲ್ ಕೂಡ ಬೇರೆ. ಎಂಜಿನ್ ಗಂಟೆಗೆ 1ರಿಂದ 1.5 ಲೀಟರ್ ಕುಡಿಯುತ್ತದೆ. ಈ ದಾರಿಗೆ ವಾರಕ್ಕೆ ಸುಮಾರು 25 ಗಂಟೆ ಓಡಿಸಿದರೆ 25ರಿಂದ 40 ಲೀಟರ್. ಮುಂಗಡ ತುಂಬಿಸಿಕೊಂಡಿದ್ದರೆ ಉಳಿದದ್ದನ್ನು ವಾಪಸ್ ಕೊಡುತ್ತಾರೋ ಎಂದು ಬರಹದಲ್ಲೇ ಕೇಳಿಕೊಳ್ಳಿ. ವಾರ ಅಂದರೆ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ 2-3ಕ್ಕೆ ಹತ್ತಿ ಮುಂದಿನ ಶನಿವಾರ ಬೆಳಗ್ಗೆ 9ಕ್ಕೆ ಇಳಿಯುವುದು. ಏಳು ದಿನದ ದುಡ್ಡಿಗೆ ಪೂರ್ತಿ ದಿನ ಸಿಗುವುದು ಆರೇ. ನಡೆಸುವವರಿಗೆ ಲೈಸೆನ್ಸ್ ಬೇಡ. ದೋಣಿಯ ಪರವಾನಗಿ ಬಾಡಿಗೆಗೆ ಕೊಡುವವರ ಜವಾಬ್ದಾರಿ.

ದೋಣಿಯ ಅಗಲ 6 ಅಡಿ 10 ಇಂಚು, ಅಂದರೆ 2.08 ಮೀಟರ್. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗಿಂತ ಸಪೂರ. ಒಳಗೆ ಗೋಡೆಯಿಂದ ಗೋಡೆಗೆ 6 ಅಡಿಯಷ್ಟೇ, ಒಬ್ಬರು ಅಡುಗೆಗೆ ನಿಂತರೆ ಇನ್ನೊಬ್ಬರು ದಾಟಬೇಕಾದರೆ ಅಡ್ಡ ತಿರುಗಬೇಕು. ಉದ್ದದಲ್ಲಿ ಆಸೆ ಬೇಡ. ಇಬ್ಬರಿಗೆ 40-45 ಅಡಿಯದು ಬೇಕಾದಷ್ಟಾಯಿತು. 60 ಅಡಿಯದನ್ನು ಎಲ್ಲಿ ಬೇಕೆಂದರಲ್ಲಿ ತಿರುಗಿಸಲು ಆಗುವುದಿಲ್ಲ, ದಂಡೆ ಕೊರೆದು ಮಾಡಿರುವ ತಿರುವುಗುಂಡಿಯವರೆಗೆ ಹೋಗಲೇಬೇಕು. ಹಿಂಭಾಗದ ಕಟ್ಟೆ ವಿಶಾಲವಾಗಿರುವ ‘ಕ್ರೂಸರ್ ಸ್ಟರ್ನ್’ ಮಾದರಿ ಆರಿಸಿ. ಇಬ್ಬರೂ ಅಲ್ಲೇ ನಿಂತು ಮಾತಾಡುತ್ತ ಹೋಗಬಹುದು. ಮಳೆ ಬಂದರೆ ಮಾತ್ರ ನಡೆಸುವವರಿಗೆ ಮರೆಯಿಲ್ಲ, ಪ್ಯಾಂಟಿನ ಸಮೇತ ಇರುವ ರೇನ್‌ಕೋಟ್ ಒಯ್ಯಿರಿ. ಅಲ್ಲಿಯ ಜುಲೈ ಮಳೆ ನಮ್ಮ ಧಾರವಾಡದ ಜಿಟಿಜಿಟಿ ಮಳೆಯ ಹಾಗೆಯೇ, ಆದರೆ ಗಾಳಿ ಬಹಳ ತಣ್ಣಗೆ.

ದಾರಿ ಆರಿಸುವಾಗಲೇ ಬಹಳ ಜನ ತಪ್ಪುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ನಿಜಕ್ಕೂ ಸಾಗುವುದು 3. ಆ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟಲು ನಾಲ್ಕು ತಾಸು ಮೇಲೆಯೇ ಬೇಕು, ಅದೂ ನಡುವೆ ಒಂದು ಲಾಕ್ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರಿಳಿಸುವ ಬಾಗಿಲುಕಟ್ಟೆ) ಇಲ್ಲದಿದ್ದರೆ. ಗಂಟೆಗೆ 3 ಮೈಲಿ, ಇಲ್ಲವೆ 4 ಲಾಕ್ ಎಂದು ಇಟ್ಟುಕೊಳ್ಳಿ. ಹಲವು ಕಾಲುವೆ ಕೂಡಿ ಆಗುವ, ಎಲ್ಲರೂ ಹೊಗಳುವ ಫೋರ್ ಕೌಂಟೀಸ್ ರಿಂಗ್ ಎಂಬ ಸುತ್ತುದಾರಿ 110 ಮೈಲಿ, 94 ಲಾಕ್: ಸುಮಾರು 60 ಗಂಟೆ. ಒಂದು ವಾರದಲ್ಲಿ ಮುಗಿಸಬೇಕಾದರೆ ದಿನಕ್ಕೆ 9 ಗಂಟೆ ಹತ್ತಿರ ದುಡಿಯಬೇಕು. ಅದು ಪ್ರವಾಸವಲ್ಲ, ಪಾಳಿ. ಇಬ್ಬರೇ ಇರುವವರು ಸುತ್ತು ಹೊಡೆಯುವ ದಾರಿ ಬಿಟ್ಟು ಹೋದ ದಾರಿಯಲ್ಲೇ ಮರಳುವುದು ಒಳ್ಳೆಯದು. ತಡವಾದರೆ ಮುಂದಿನ ತಿರುವುಗುಂಡಿಯಲ್ಲೇ ತಿರುಗಿಸಿಕೊಂಡು ಬರಬಹುದು. ಸುತ್ತಿನಲ್ಲಿ ಅರ್ಧ ದಾಟಿದ ಮೇಲೆ ಆ ಮಾತಿಲ್ಲ.

ದಕ್ಷಿಣ ಆಕ್ಸ್‌ಫರ್ಡ್ ಕಾಲುವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇದನ್ನು ರೂಪಿಸಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿಯ ಪದ್ಧತಿಯೇ ಹಾಗೆ: ಗುಡ್ಡ ಕಡಿಯುವುದಿಲ್ಲ, ನೆಲದ ಸಮಮಟ್ಟದ ಗೆರೆ ಹಿಡಿದು ಸುತ್ತಿ ಹೋಗುವುದು. ಕಾಲುವೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರ ಜನವರಿ 1ಕ್ಕೆ. ನ್ಯಾಪ್ಟನ್‌ನ 9 ಲಾಕ್ ಏರಿ ಮಾರ್ಸ್ಟನ್ ಡೋಲ್ಸ್ ದಾಟಿದರೆ ಕ್ಲೇಡನ್‌ವರೆಗೆ 11 ಮೈಲಿ ಒಂದೂ ಲಾಕ್ ಇಲ್ಲ. ನೇರ ಗೆರೆ ಎಳೆದರೆ ದೂರ ಅದರ ಅರ್ಧವೂ ಆಗದು. ವರ್ಮ್‌ಲೇಟನ್ ಹತ್ತಿರ ಅದೇ ಗುಡ್ಡ ಒಮ್ಮೆ ಎಡಕ್ಕೆ, ಒಮ್ಮೆ ಎದುರಿಗೆ ಬಂದು ನಿಲ್ಲುತ್ತದೆ. ಕುರಿ, ಬೇಲಿ, ಇಟ್ಟಿಗೆಯ ಕಮಾನು ಸೇತುವೆ, ಮತ್ತೆ ಕುರಿ. ಅವಸರದವರಿಗೆ ತಲೆ ಕೆಡಬಹುದು. ಕ್ಲೇಡನ್‌ನಲ್ಲಿ 5 ಲಾಕ್ ಇಳಿದು, ಕ್ರಾಪ್ರೆಡಿ ದಾಟಿ ಬ್ಯಾನ್‌ಬರಿ. ಎಲ್ಲವೂ ಸಪೂರ ಲಾಕ್, ಒಂದೇ ದೋಣಿ ಹಿಡಿಯುವಂಥವು. ಕೆನೆಟ್ ಆ್ಯಂಡ್ ಏವನ್‌ನಂಥ ಅಗಲ ಕಾಲುವೆಯ ಬಾಗಿಲು ನೂಕಲು ಮೈಯಲ್ಲಿ ಕಸುವು ಬೇಕು; ಡಿವೈಜಸ್ ಹತ್ತಿರ ಅಂಥವು ಸಾಲಾಗಿ 29 ಇವೆ. ಇಬ್ಬರೇ ಇದ್ದಾಗ ಅತ್ತ ಹೋಗುವುದು ಬೇಡ.

ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡೂ ತುದಿಗೆ ಬಾಗಿಲು, ಬಾಗಿಲಿಗೂ ದಂಡೆಯ ನೆಲದೊಳಕ್ಕೂ ತೂಬು. ತೂಬು ಎತ್ತಲು ವಿಂಡ್‌ಲಾಸ್ ಎನ್ನುವ ಹಿಡಿಕೆ. ಏರುವಾಗ ಕೆಳಬಾಗಿಲು ತೆರೆದು ದೋಣಿ ಒಳತಂದು, ಬಾಗಿಲು ಮುಚ್ಚಿ, ಕೆಳತೂಬು ಇಳಿದಿದೆಯೇ ನೋಡಿ. ಆಮೇಲೆ ಮೇಲಿನ ನೆಲತೂಬನ್ನು ಮೊದಲು ಅರ್ಧ, ನೀರು ಶಾಂತವಾದ ಮೇಲೆ ಪೂರ್ತಿ ಎತ್ತಿ. ಬಾಗಿಲಲ್ಲೇ ತೂಬಿದ್ದರೆ ಅದು ನೀರಲ್ಲಿ ಮುಳುಗುವವರೆಗೆ ಮುಟ್ಟಬೇಡಿ; ಅವಸರ ಮಾಡಿದರೆ ಧಾರೆ ನೇರ ಮುಂಭಾಗಕ್ಕೆ ಬಿದ್ದು ಒಳಗೆ ನುಗ್ಗುತ್ತದೆ. ಎರಡೂ ಕಡೆ ನೀರು ಸಮ ಆಗದೆ ಬಾಗಿಲು ಅಲ್ಲಾಡುವುದಿಲ್ಲ, ಭುಜ ಕೊಟ್ಟು ಒದ್ದಾಡಿ ಪ್ರಯೋಜನವಿಲ್ಲ. ಒಂದು ಲಾಕಿಗೆ 15 ನಿಮಿಷ.

ಅಪಾಯ ಇರುವುದು ಇಳಿಯುವಾಗ. ಮೇಲ್ಬಾಗಿಲ ಕೆಳಗೆ ಸಿಲ್ ಎಂಬ ಕಲ್ಲಿನ ಹೊಸ್ತಿಲು ಒಳಕ್ಕೆ ಚಾಚಿರುತ್ತದೆ. ನೀರು ತುಂಬಿದ್ದಾಗ ಕಾಣದು. ದೋಣಿಯ ಹಿಂಭಾಗ ಅದರ ಮೇಲಿದ್ದರೆ ನೀರು ಇಳಿದಂತೆ ಹಿಂದಿನದು ಅಲ್ಲೇ ಕೂತು, ಮುಂಭಾಗ ಕೆಳಗೆ ಜಾರಿ, ಕೆಲವೇ ನಿಮಿಷದಲ್ಲಿ ದೋಣಿ ಮುಳುಗಬಹುದು. ದಂಡೆಯ ಕಲ್ಲಿನ ಮೇಲೆ ಬಿಳಿ ಗೆರೆ ಬಳಿದಿರುತ್ತಾರೆ. ಹಿಂಭಾಗ ಅದರಿಂದ ಮುಂದೆಯೇ ಇರಬೇಕು. ಸಿಕ್ಕಿಕೊಂಡರೆ ತಕ್ಷಣ ಕೆಳತೂಬು ಮುಚ್ಚಿ, ಮೇಲಿನದನ್ನು ನಿಧಾನಕ್ಕೆ ತೆರೆದು ಮತ್ತೆ ನೀರು ತುಂಬಿಸಿ. ಇಳಿಯುವಾಗ ಹಗ್ಗವನ್ನು ಗಂಟು ಹಾಕಿ ಬಿಗಿಯುವುದೂ ಬೇಡ, ದೋಣಿ ಗಾಳಿಯಲ್ಲಿ ನೇತಾಡೀತು. ತೂಬು ಎತ್ತಿದ ಮೇಲೆ ಹಿಡಿಕೆಯನ್ನು ಅಲ್ಲೇ ಬಿಡಬಾರದು. ಕೊಂಡಿ ಜಾರಿದರೆ ಅದು ಗಿರಗಿರನೆ ತಿರುಗಿ ಹಾರಿ ಮುಖಕ್ಕೆ ಬಡಿಯುತ್ತದೆ. ಒಬ್ಬರು ದಂಡೆಯಲ್ಲಿ, ಒಬ್ಬರು ದೋಣಿಯಲ್ಲಿ. ದೋಣಿಯವರು ಎಂಜಿನ್ ಬಿಟ್ಟು ಅತ್ತಿತ್ತ ಹೋಗಬಾರದು. ಒಂದು ಹಿಡಿಕೆ ನೀರಿಗೆ ಬೀಳುವುದು ಹೆಚ್ಚುಕಡಿಮೆ ಖಚಿತ, ಎರಡು ಕೊಟ್ಟಿದ್ದಾರೋ ಹೊರಡುವ ಮುಂಚೆ ಎಣಿಸಿ.

ನಡೆಸುವುದು ಒಂದು ಗಂಟೆಯಲ್ಲಿ ಕೈಗೆ ಬರುತ್ತದೆ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೆ, ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ. ತಿರುಗುವುದು ನಡುಭಾಗದ ಮೇಲೆ, ಹಾಗಾಗಿ ಮುಂಭಾಗ ತಪ್ಪಿಸುವುದರಲ್ಲಿ ಹಿಂಭಾಗ ದಂಡೆಗೆ ಬಡಿಯುತ್ತದೆ. ಹಿಂದಕ್ಕೆ ಹೋಗುವಾಗ ಟಿಲ್ಲರ್ ಹೇಳಿದ ಮಾತು ಕೇಳುವುದಿಲ್ಲ. ಎದುರಿನ ದೋಣಿಗೆ ನೀವು ಬಲಕ್ಕೆ ಸರಿಯಬೇಕು, ನಮ್ಮ ರಸ್ತೆಯ ಅಭ್ಯಾಸ ಕೈ ಕೊಡುವುದು ಇಲ್ಲೇ. ಕಟ್ಟಿರುವ ದೋಣಿಗಳ ಪಕ್ಕ ಎಂಜಿನ್ ತೀರಾ ತಗ್ಗಿಸಿ. ಇಲ್ಲದಿದ್ದರೆ ಅವರ ಗೂಟ ಕಿತ್ತು ಬಂದು ಬೈಗುಳವೂ ಬರುತ್ತದೆ. ತಿರುವಿನ ಒಳಬದಿಯ ಕೆಸರಲ್ಲಿ ಹೂತರೆ ರೇಸ್ ಕೊಡದೆ ಹಿಮ್ಮುಖ ಗೇರಿನಲ್ಲಿ, ಗಳದಿಂದ ನೂಕಿ ಬಿಡಿಸಿಕೊಳ್ಳಿ.

ಎಂಜಿನ್ ಒಮ್ಮೆಗೇ ಭಾರವಾಗಿ, ಕಪ್ಪು ಹೊಗೆ ಬಂದು, ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಅಥವಾ ಬಟ್ಟೆ ಸುತ್ತಿದೆ ಎಂದರ್ಥ. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಪ್ರೊಪೆಲ್ಲರಿನ ಮೇಲಿರುವ ವೀಡ್ ಹ್ಯಾಚ್ ಎಂಬ ಕಿಂಡಿಯ ಮುಚ್ಚಳ ತೆರೆದು, ಚಾಕುವಿನಿಂದ ಕೊಯ್ದು ಬಿಡಿಸಬೇಕು. ಮುಚ್ಚಳ ಮತ್ತೆ ಗಟ್ಟಿಯಾಗಿ ಬಿಗಿಯದೆ ಎಂಜಿನ್ ಹಚ್ಚಿದರೆ ಪ್ರೊಪೆಲ್ಲರೇ ನೀರನ್ನು ಒಳಗೆ ಎರಚುತ್ತದೆ. ಕೈಗೆ ಗಾಯವಿದ್ದರೆ ಮುಚ್ಚಿಕೊಳ್ಳಿ, ಸಾಬೂನಿನಿಂದ ತೊಳೆಯಿರಿ: ಆ ನೀರಲ್ಲೂ ಇಲಿಜ್ವರದ ಭಯವುಂಟು.

ಇನ್ನು ಶೌಚಾಲಯ. ಎರಡು ಬಗೆ. ದೊಡ್ಡ ಟ್ಯಾಂಕಿನದು ಇಬ್ಬರಿಗೆ ವಾರವಿಡೀ ಬರುತ್ತದೆ, ತುಂಬಿದರೆ ಬೋಟ್‌ಯಾರ್ಡಿನಲ್ಲಿ ಪಂಪ್ ಹಚ್ಚಿ ಖಾಲಿ ಮಾಡಿಕೊಡುತ್ತಾರೆ. ಕ್ಯಾಸೆಟ್ ಬಗೆಯಲ್ಲಿ 20 ಲೀಟರ್ ಸುಮಾರಿನ ಡಬ್ಬಿ; ಅದನ್ನು ನೀವೇ ಹೊತ್ತು ಎಲ್ಸನ್ ಎಂದು ಬರೆದಿರುವಲ್ಲಿ ಸುರಿಯಬೇಕು. ಕಾಗದ ಬಳಸುವವರಿಗೆ ಎರಡು-ಮೂರು ದಿನ ಬರುವ ಡಬ್ಬಿ, ತಂಬಿಗೆ ನೀರು ಬಳಸುವ ನಮಗೆ ಅಷ್ಟು ಬರದು. ಆದ್ದರಿಂದ ಟ್ಯಾಂಕಿನ ದೋಣಿಯನ್ನೇ ಕೇಳಿ ಪಡೆಯಿರಿ. ಕುಡಿಯುವ ನೀರಿನ ಟ್ಯಾಂಕನ್ನು ದಿನ ಬಿಟ್ಟು ದಿನ ನಲ್ಲಿಯಿರುವಲ್ಲಿ ತುಂಬಿಸಿಕೊಳ್ಳಬೇಕು, ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಆ ನಲ್ಲಿಗಳಿಗೆ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟಿನ ಕೀಲಿ ಬೇಕಾಗಬಹುದು. ದೋಣಿಯ ಜೊತೆ ಕೊಡುತ್ತಾರೆ.

ಕರೆಂಟೆಲ್ಲ ಎಂಜಿನ್ ತುಂಬಿಸಿದ ಬ್ಯಾಟರಿಯದು. ದಿನಕ್ಕೆ ನಾಲ್ಕು ತಾಸು ಓಡಿಸಿದರೆ ದೀಪ, ಪಂಪ್, ಫ್ರಿಜ್, ಫೋನಿಗೆ ಸಾಕು. 750 ವಾಟಿನ ಮಿಕ್ಸಿಯನ್ನು ಸಣ್ಣ ಇನ್ವರ್ಟರ್ ತಡೆಯುವುದಿಲ್ಲ, ಮನೆಯಲ್ಲೇ ಬಿಡಿ. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ, ಬೇರೆ ದೋಣಿಗಳ ನಡುವೆ ಕಟ್ಟಿಕೊಂಡಿದ್ದಾಗ ಎಂಜಿನ್ ಹಚ್ಚುವಂತಿಲ್ಲ. ಮಿಕ್ಸಿ ಇಲ್ಲದ ಅಡುಗೆಮನೆಗೆ ಉತ್ತರ ಕರ್ನಾಟಕದವರಷ್ಟು ತಯಾರಿರುವವರು ಬೇರೆ ಯಾರಿದ್ದಾರೆ? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಒಯ್ದರೆ ಅರ್ಧ ಊಟ ಮುಗಿಯಿತು. ಆದರೆ ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ ಬಿಡುವುದಿಲ್ಲ. ತುಪ್ಪ ಬೇಡ, ಧಾರವಾಡ ಪೇಡೆಯೂ ಬೇಡ. ಹಸಿ ಕರಿಬೇವೂ ಬೇಡ. ಗ್ಯಾಸ್ ಒಲೆಯಲ್ಲಿ ಮೂರು ಲೀಟರಿನ ಕುಕ್ಕರ್ ಸರಿಯಾಗಿ ಕೂಡುತ್ತದೆ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಮೆಣಸಿನಕಾಯಿಗೆ ಮೊದಲು ಹೊಗೆ ಅಲಾರಂ ಸಿಡಿಯುತ್ತದೆ. ಚಳಿ ಎಂದು ಗಾಳಿಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚುವುದು ಮಾತ್ರ ಪ್ರಾಣಕ್ಕೆ ಎರವು. ಒಲೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ಗುಂಡಿ ಒತ್ತಿ ನೋಡಿ. ಸಂತೆ-ಸಾಮಾನಿಗೆ ಬ್ಯಾನ್‌ಬರಿಯೇ ಗತಿ, ಕಾಲುವೆ ಪೇಟೆಯ ನಡುವೆಯೇ ಹಾದಿದೆ.

ದೋಣಿ ಕಟ್ಟುವುದು ಕುದುರೆ ಎಳೆಯುತ್ತಿದ್ದ ಕಾಲದ ಕಾಲುದಾರಿಯ ಬದಿಗೆ: ಕಬ್ಬಿಣದ ಗೂಟ ಎರಡು, ಸುತ್ತಿಗೆ ಒಂದು. ಲಾಕಿನ ಬಾಯಿ, ತಿರುವು, ನೀರಿನ ನಲ್ಲಿ, ತಿರುವುಗುಂಡಿ ಬಿಟ್ಟು ಎಲ್ಲಾದರೂ ಸರಿ. ಕತ್ತಲಾದ ಮೇಲೆ ಬಾಡಿಗೆ ದೋಣಿ ಓಡಿಸುವಂತಿಲ್ಲ.

ತಿಂಗಳು ಆರಿಸಬೇಕಾದರೆ ಮೇ ಇಲ್ಲವೆ ಜೂನ್. ನವೆಂಬರಿನಿಂದ ಮಾರ್ಚ್‌ವರೆಗೆ ಲಾಕ್ ರಿಪೇರಿ. ಬೇಸಿಗೆಯ ಕೊನೆಗೆ ಬೇರೆ ತೊಂದರೆ: ಒಂದು ಸಪೂರ ಲಾಕ್ ದಾಟಿದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗೆ ಹೋಗುತ್ತದೆ, ಎತ್ತರದ ಭಾಗವನ್ನು ಕೆರೆಗಳ ನೀರೇ ತುಂಬಬೇಕು. 2025ರ ಬರದಲ್ಲಿ ಹಲವು ಕಾಲುವೆಗಳ ಲಾಕುಗಳನ್ನೇ ಮುಚ್ಚಿದ್ದರು. ಹಾಗಾದರೆ ದುಡ್ಡು ವಾಪಸ್ಸೋ, ಬೇರೆ ದಾರಿಯೋ ಎಂಬುದನ್ನು ಮುಂಗಡ ಕೊಡುವ ಮುಂಚೆ ಇತ್ಯರ್ಥ ಮಾಡಿಕೊಳ್ಳಿ.

ಶುಕ್ರವಾರ ರಾತ್ರಿ ಬೋಟ್‌ಯಾರ್ಡಿಗೆ ಅರ್ಧ ಗಂಟೆ ದೂರದಲ್ಲಿ, ನಡುವೆ ಲಾಕ್ ಇಲ್ಲದ ಕಡೆ ಕಟ್ಟಿಕೊಳ್ಳಿ. ಬೆಳಗಿನ 9 ಗಂಟೆ ಅಂದರೆ 9 ಗಂಟೆಯೇ. ತಡವಾದರೆ ಠೇವಣಿಯಲ್ಲಿ ಹಿಡಿಯುತ್ತಾರೆ.