ಹೊಗೆ ಕಂಡಿತೆಂದು ಬೋರ್ ಮಾಡಿಸುವ ಮುನ್ನ

ಹಳೆಯ ಸ್ಪ್ಲೆಂಡರ್ ಬೈಕಿನ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಸಾಕು, ‘ಬೋರ್ ಹೋಗಿದೆ ಸಾರ್, ಪಿಸ್ಟನ್ ಸೆಟ್ ಹಾಕಿಸ್ಬಿಡಿ’ ಎಂಬ ಮಾತು ಗ್ಯಾರೇಜಿನಲ್ಲಿ ಸಿದ್ಧವಾಗಿರುತ್ತದೆ. ಬೋರ್ ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ, ಬೋರ್ ಮಾಡಿಸುವುದೆಂದರೆ ಸವೆದ ಆ ಕೊಳವೆಯನ್ನು ಕೊರೆದು ಸ್ವಲ್ಪ ಹಿಗ್ಗಿಸುವುದು. ತುಮಕೂರಿನಲ್ಲಿ ನಮ್ಮ ಮನೆಯ ಬೈಕಿಗೆ ಈ ಒಂದು ಮಾತಿನ ಮೇಲೆಯೇ ಎಂಜಿನ್ ಕೆಲಸ ನಡೆದು, ವರ್ಷ ತುಂಬುವುದರೊಳಗೆ ಅದೇ ಎಂಜಿನ್ನನ್ನು ಮತ್ತೆ ಬಿಚ್ಚಿಸಬೇಕಾಯಿತು. ಆ ಗ್ಯಾರೇಜಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಏನೇನು ತಪ್ಪಿತು ಎಂಬುದಷ್ಟೇ ಇತರರಿಗೆ ಉಪಯೋಗಕ್ಕೆ ಬರುವಂಥದ್ದು.

ಮೊದಲನೆಯದಾಗಿ, ಹೊಗೆ ಯಾವಾಗ ಬರುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಹೊಗೆ ಬಂದು ನಿಂತುಬಿಡುತ್ತಿತ್ತು. ದೇವರಾಯನದುರ್ಗದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ತಿರುಗಿಸಿದಾಗ ಒಮ್ಮೆಗೇ ಬುಸ್ಸೆಂದು ಬರುತ್ತಿತ್ತು. ಏರಿನಲ್ಲಿ ಎಳೆತವೇನೂ ತಗ್ಗಿರಲಿಲ್ಲ. ಇವೆಲ್ಲ ವಾಲ್ವ್ ಸೀಲ್ (ವಾಲ್ವ್ ಕಾಂಡದ ಸುತ್ತ ಆಯಿಲ್ ತಡೆಯುವ ರಬ್ಬರ್) ಸವೆದಿರುವುದರ ಲಕ್ಷಣಗಳು: ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿನೊಳಗೆ ಉಂಟಾಗುವ ಸೆಳೆತಕ್ಕೆ ಸಿಲಿಂಡರಿನ ಮೇಲಿನ ಹೆಡ್‌ನಲ್ಲಿರುವ ಆಯಿಲ್ ವಾಲ್ವ್ ಕಾಂಡದ ಗುಂಟ ಕೆಳಗಿಳಿದು ಸುಡುತ್ತದೆ. ರಿಂಗ್ (ಪಿಸ್ಟನ್ ಸುತ್ತ ಕೂರುವ ಲೋಹದ ಬಳೆ) ಮತ್ತು ಬೋರ್ ಸವೆದಿದ್ದರೆ ಎಂಜಿನ್ ಬಿಸಿಯಾದ ಮೇಲೂ, ಅದರಲ್ಲೂ ಭಾರ ಹೊತ್ತು ಏರು ಹತ್ತುವಾಗ, ಹೊಗೆ ಬಿಡದೆ ಬರುತ್ತದೆ, ಎಳೆತ ಕುಗ್ಗುತ್ತದೆ, ಕಿಕ್ಕರ್ ಒತ್ತಿದಾಗ ಕಾಲಿಗೆ ಸಿಗಬೇಕಾದ ಬಿಗಿ ಸಿಗುವುದಿಲ್ಲ. ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿನಲ್ಲಿ ಇದನ್ನು ಎಂಜಿನ್ ಬಿಚ್ಚದೆಯೇ ನೋಡಬಹುದು. ಸ್ಪಾರ್ಕ್ ಪ್ಲಗ್ ತೆಗೆದು ಒಮ್ಮೆ ಅಳೆದು, ಅದೇ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ, ಮೊದಲು ಕಡಿಮೆಯಿದ್ದ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರ್‌ನಲ್ಲಿದೆ. ಮೊದಲ ಸಲವೇ ಒತ್ತಡ ಸರಿಯಾಗಿದ್ದು ಹೊಗೆ ಮಾತ್ರ ಬರುತ್ತಿದ್ದರೆ ಸೀಲ್‌ಗಳನ್ನೇ ಶಂಕಿಸಬೇಕು.

ಇಷ್ಟನ್ನು ನೋಡದೆ ಬ್ಲಾಕನ್ನು (ಸಿಲಿಂಡರ್ ಇರುವ ಭಾಗವನ್ನು) ಬೋರ್ ಕೊರೆಯುವ ಲೇತ್‌ಗೆ ಕಳುಹಿಸಿದ್ದರಿಂದ ಆದ ನಷ್ಟ ಬರೀ ದುಡ್ಡಿನದಲ್ಲ. ಈ 97.2 ಸಿ.ಸಿ. ಎಂಜಿನ್ನಿನ ಬೋರ್ ಮೂಲದಲ್ಲಿ 50 ಮಿ.ಮೀ. ಇರುತ್ತದೆ, ಸವೆದಾಗ ಅದನ್ನು 0.25, 0.50, 0.75, 1.00 ಮಿ.ಮೀ. ಎಂದು ಹಂತಹಂತವಾಗಿ ಹಿಗ್ಗಿಸಿ, ಆ ಸೈಜಿನ ಪಿಸ್ಟನ್ ಹಾಕುತ್ತಾರೆ. ಅದು ಮುಗಿದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬೇಕು ಇಲ್ಲವೇ ಹೊಸ ಬ್ಲಾಕ್ ಕೊಳ್ಳಬೇಕು. ಅಗತ್ಯವಿಲ್ಲದೆ ಬೋರ್ ಮಾಡಿಸಿದಾಗ ಇದರಲ್ಲಿ ಒಂದು ಹಂತ ಸುಮ್ಮನೆ ಕಳೆದುಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಮುಂದಿನದು. ಬೋರ್ ಮಾಡಿದ ಮೇಲೆ ಗೋಡೆಯನ್ನು ಹದಗೊಳಿಸುವ ಹೋನಿಂಗ್ ಕಲ್ಲಿನಿಂದ ಉಜ್ಜಿದಾಗ ಕಲ್ಲಿನ ಸಣ್ಣ ಪುಡಿ ಸಿಲಿಂಡರ್ ಗೋಡೆಯ ಗೀರುಗಳಲ್ಲಿ ಕುಳಿತುಕೊಳ್ಳುತ್ತದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಹೋಗುತ್ತದೆಯೇ ಹೊರತು ಈ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು ಮತ್ತು ಬ್ರಷ್ ಹಾಕಿ, ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಕೂಡಲೇ ಆಯಿಲ್ ಸವರಬೇಕು. ನಮ್ಮ ಬ್ಲಾಕ್ ಲೇತ್‌ನಿಂದ ಬಂದದ್ದೇ ತಡ, ಪೆಟ್ರೋಲ್ ಅದ್ದಿದ ಬನಿಯನ್ ಬಟ್ಟೆಯಿಂದ ಒರೆಸಿ ಕೂರಿಸಿದರು. ಸಂಜೆಗೆ ಬೈಕ್ ಸಿದ್ಧವಾಯಿತು, ಬೆಳಗಿನ ಹೊಗೆ ಮಾತ್ರ ಹಾಗೆಯೇ ಉಳಿಯಿತು. ಕೆಲವು ತಿಂಗಳಲ್ಲಿ ಎಳೆತವೂ ಕುಸಿದು, ಎಂಜಿನ್ನಿನಿಂದ ಟಕಟಕ ಸದ್ದು ಏಳತೊಡಗಿತು.

ಎರಡನೆಯ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಬ್ಲಾಕ್ ಎತ್ತಿ ಬೆಳಕಿಗೆ ಹಿಡಿದು ನನ್ನ ಬೆರಳನ್ನು ಒಳಗೆ ಆಡಿಸಲು ಹೇಳಿದರು. ಮೇಲಿನಿಂದ ಕೆಳಕ್ಕೆ ಎಳೆದ ಗೀರುಗಳಿಗೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಬಲಗಡೆಯ ಕವರ್ ತೆಗೆದು, ತಿರುಗುವ ಆಯಿಲ್ ಫಿಲ್ಟರಿನ ಮುಚ್ಚಳ ಬಿಚ್ಚಿದಾಗ ಅದರ ಒಳಗೋಡೆಗೆ ಬೂದು ಬಣ್ಣದ ಮೆತ್ತನೆಯ ರಾಡಿ ಅಂಟಿತ್ತು, ತೊಳೆಯದೆ ಉಳಿದ ಪುಡಿಯ ಗುರುತು. ಹೆಡ್‌ನಿಂದ ಹೊರಬಂದ ವಾಲ್ವ್ ಸೀಲ್‌ಗಳು ಹಳೆಯವೇ. ರಬ್ಬರ್ ಎಷ್ಟು ಗಟ್ಟಿಯಾಗಿತ್ತೆಂದರೆ ಬೆರಳಲ್ಲಿ ಮಡಿಚಿದಾಗ ಬಿರಿಯಿತು. ಹೆಡ್ಡನ್ನು ಪೂರ್ತಿ ಕೆಳಗಿಳಿಸಿದ್ದರೂ, ಕೆಲಸದ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದ ಬೆಲೆಯ ಆ ಸೀಲ್‌ಗಳನ್ನು ಮೊದಲ ಗ್ಯಾರೇಜಿನವರು ಮುಟ್ಟಿರಲೇ ಇಲ್ಲ.

ಮೊದಲ ಗ್ಯಾರೇಜಿಗೆ ಹಣ ವಾಪಸು ಕೇಳಲು ಹೋದಾಗ ‘ನೀವು ರನ್ನಿಂಗ್ ಸರಿಯಾಗಿ ಮಾಡಿಲ್ಲ’ ಎಂದರು, ಅಂದರೆ ಹೊಸ ಭಾಗಗಳು ಹೊಂದಿಕೊಳ್ಳುವವರೆಗೆ ಬೈಕನ್ನು ನಿಧಾನವಾಗಿ ಓಡಿಸಿಲ್ಲ ಎಂದು. ಹಳೆಯ ಪಿಸ್ಟನ್ ಗುಜರಿಗೆ ಹೋಗಿತ್ತು, ಬಿಲ್ಲಿನಲ್ಲಿ ‘ಎಂಜಿನ್ ಕೆಲಸ’ ಎಂಬ ಎರಡು ಪದ ಬಿಟ್ಟರೆ ಅಳತೆಯಿರಲಿ, ಭಾಗಗಳ ಹೆಸರೂ ಇರಲಿಲ್ಲ. ವಾದಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಆದ್ದರಿಂದ ಎಂಜಿನ್ ಬಿಚ್ಚಿಸುವವರು ಬೋರ್‌ನ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ತೆಗೆಸಿ ಬರೆಸಿಕೊಳ್ಳಿ, ತೆಗೆದ ಭಾಗಗಳನ್ನು ಚೀಲದಲ್ಲಿ ಹಾಕಿ ಕೊಡುವಂತೆ ಮೊದಲೇ ಹೇಳಿಡಿ, ಹೊಸ ಪಿಸ್ಟನ್ನಿನ ತಲೆಯ ಮೇಲಿನ ಸೈಜ್ ಗುರುತನ್ನು ಜೋಡಿಸುವ ಮುನ್ನವೇ ಫೋಟೊ ತೆಗೆದಿಡಿ. ರಿಂಗನ್ನು ಬರಿದಾದ ಬೋರ್‌ನೊಳಗೆ ಇಳಿಸಿ, ಅದರ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ತಗಡುಗಳು) ಅಳೆಯುವವರು ಸಿಕ್ಕರೆ ಅಂಥವರನ್ನು ಬಿಡಬೇಡಿ. ಈ ಎರಡನೆಯವರು ಕೇಳದೆಯೇ ಅದನ್ನು ಮಾಡಿ ತೋರಿಸಿದರು. ಪಿಸ್ಟನ್ ಲಾಕ್ (ಪಿಸ್ಟನ್ ಪಿನ್ನನ್ನು ಹಿಡಿದಿಡುವ ಕ್ಲಿಪ್) ಮತ್ತು ಗ್ಯಾಸ್ಕೆಟ್‌ಗಳನ್ನು ಅವರು ಹಳೆಯದು ಚೆನ್ನಾಗಿದೆ ಎಂದು ಮತ್ತೆ ಹಾಕಲಿಲ್ಲ, ಹೊಸದನ್ನೇ ತರಿಸಿದರು. ನಮ್ಮ ಬ್ಲಾಕ್ ಈಗ 0.50ರಲ್ಲಿದೆ, ಬೆಳಗಿನ ಹೊಗೆ ನಿಂತಿದೆ.