ಬ್ಯಾಂಕಾಕ್‌ನಲ್ಲಿ ಲೋಕಲ್ ಸಿಮ್, ಸಿಂಗಾಪುರದಲ್ಲಿ ಇ-ಸಿಮ್: ಎರಡೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇನ್ನು ಮುಂದೆ ಹೊರದೇಶಕ್ಕೆ ಹೊರಟರೆ ನಾನು ಇ-ಸಿಮ್ಮೇ ಹಾಕಿಸಿಕೊಳ್ಳುವುದು, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಬ್ಯಾಂಕಾಕ್‌ನಲ್ಲಿ ಕಳೆದ ಆ ಒಂದು ರಾತ್ರಿ ಸಾಕು.

ಅಮ್ಮನ ಜೊತೆ ಹೋಗಿದ್ದೆ. ಸುವರ್ಣಭೂಮಿ ಏರ್‌ಪೋರ್ಟಿನಲ್ಲೇ ಟೂರಿಸ್ಟ್ ಸಿಮ್ ತಗೊಂಡೆ. ಪಾಸ್‌ಪೋರ್ಟ್ ತೋರಿಸಿದರೆ ಐದು ನಿಮಿಷದ ಕೆಲಸ. ಕೌಂಟರಿನ ಹುಡುಗಿಯೇ ಸಿಮ್ ಹಾಕಿ, ನನ್ನ ಬೆಂಗಳೂರಿನ ಸಿಮ್ಮನ್ನು ಒಂದು ಕಾರ್ಡಿಗೆ ಟೇಪ್ ಹಚ್ಚಿ ಕೊಟ್ಟಳು. ನೆಟ್ ಚೆನ್ನಾಗಿತ್ತು, ದುಡ್ಡೂ ಕಡಿಮೆ.

ಎರಡನೇ ರಾತ್ರಿ, ಹೋಟೆಲಿನಲ್ಲಿ ಇನ್ನೊಂದು ದಿನ ಇರೋಣ ಎಂದು ಆನ್‌ಲೈನ್‌ನಲ್ಲಿ ಕಾರ್ಡ್ ನಂಬರ್ ಹಾಕಿದೆ. ಬ್ಯಾಂಕಿನಿಂದ ಒಟಿಪಿ ಹೋಗಿದ್ದು ಟೇಪಿನಡಿ ಇದ್ದ ಸಿಮ್‌ಗೆ! ನನ್ನ ಫೋನಿನಲ್ಲಿ ಸಿಮ್ ಹಾಕುವ ಜಾಗ ಒಂದೇ. ತೆಗೆಯುವ ಪಿನ್ನು ಮನೆಯಲ್ಲೇ ಉಳಿದಿತ್ತು. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು.

ಹಳೇ ಸಿಮ್ ಹಾಕಿದರೆ ನೆಟ್‌ವರ್ಕೇ ಇಲ್ಲ. ಊರಿನ ಸಿಮ್ ಹೊರದೇಶದಲ್ಲೂ ಕೆಲಸ ಮಾಡಲು ಬೇಕಾದ ಇಂಟರ್‌ನ್ಯಾಷನಲ್ ರೋಮಿಂಗನ್ನು ಹೊರಡುವ ಮೊದಲು ಆನ್ ಮಾಡಿಸಿರಲಿಲ್ಲ. ಸರಿ, ಹೋಟೆಲ್ ವೈಫೈನಲ್ಲಿ ಸಿಮ್ ಕಂಪನಿಯ ಆ್ಯಪ್ ತೆರೆದು ಆನ್ ಮಾಡೋಣ ಎಂದರೆ ಲಾಗಿನ್ ಆಗುವುದಕ್ಕೂ ಒಟಿಪಿ ಬೇಕು, ಅದೂ ಇದೇ ನಂಬರಿಗೆ! ಅಲ್ಲಿ ರಾತ್ರಿ ಹನ್ನೆರಡೂವರೆ, ಇಲ್ಲಿ ಹನ್ನೊಂದು. ಬಸವನಗುಡಿಯಲ್ಲಿ ಮಲಗಿದ್ದ ತಮ್ಮನಿಗೆ ವಾಟ್ಸ್ಯಾಪ್ ಕಾಲ್ ಮಾಡಿ ಎಬ್ಬಿಸಿ, ಅವನ ಕಾರ್ಡಿನಿಂದ ಕಟ್ಟಿಸಿದೆ.

ಸಿಂಗಾಪುರಕ್ಕೆ ಹೋಗುವಾಗ ರೋಮಿಂಗನ್ನು ಮನೆಯಿಂದಲೇ ಆನ್ ಮಾಡಿದೆ, ಹೊರದೇಶದ ಕಾಲ್, ನೆಟ್‌ಗೆ ಮೊದಲೇ ದುಡ್ಡು ಕಟ್ಟುವ ರೋಮಿಂಗ್ ಪ್ಯಾಕ್ ಮಾತ್ರ ಹಾಕಿಸಲಿಲ್ಲ. ನೆಟ್‌ಗೆ 5 ಜಿಬಿಯ ಇ-ಸಿಮ್, ಸುಮಾರು 700 ರೂಪಾಯಿ. ಊರಿನ ಸಿಮ್ ಅದರ ಜಾಗದಲ್ಲೇ ಇತ್ತು, ಒಟಿಪಿ ಬಂದವು. ಒಂದೇ ಎಚ್ಚರ: ಡೇಟಾ ರೋಮಿಂಗ್ ಇ-ಸಿಮ್‌ಗೆ ಆನ್ ಇರಬೇಕು, ಊರಿನ ಸಿಮ್‌ಗೆ ಆಫ್. ಇದು ಅದಲುಬದಲಾದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ.

ಇ-ಸಿಮ್‌ನ ಕ್ಯೂಆರ್ ಕೋಡ್ ಬರುವುದು ನಿಮ್ಮದೇ ಫೋನಿನ ಮೇಲ್‌ಗೆ, ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನಿನಿಂದ. ಹಾಗಾಗಿ ಮನೆಯಲ್ಲಿದ್ದಾಗಲೇ ಇನ್ನೊಂದು ಫೋನಿಗೆ ಕಳಿಸಿ ಹಾಕಿಕೊಳ್ಳಿ. ಇಂಥವುಗಳಲ್ಲಿ ಹೆಚ್ಚಿನವು ಬರೀ ನೆಟ್‌ಗೆ, ಅಲ್ಲಿನ ಫೋನ್ ನಂಬರ್ ಸಿಗುವುದಿಲ್ಲ. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪನ್ನೂ ನಮ್ಮ ನಂಬರಿನಲ್ಲಿ ಇಲ್ಲಿಂದಲೇ ರೆಡಿ ಮಾಡಿಕೊಂಡಿದ್ದೆ.

ಎಲ್ಲ ಫೋನಿಗೂ ಇ-ಸಿಮ್ ಆಗುವುದಿಲ್ಲ. *#06# ಒತ್ತಿ ನೋಡಿ, ಇಐಡಿ (EID) ಅಂತ ಒಂದು ಸಾಲು ಬಂದರೆ ಆಗುತ್ತದೆ. ಅಮ್ಮನ ಫೋನಿನಲ್ಲಿ ಬರಲಿಲ್ಲ, ನನ್ನ ಹಾಟ್‌ಸ್ಪಾಟ್ ಕೊಟ್ಟೆ.

ಲೋಕಲ್ ಸಿಮ್, ಇ-ಸಿಮ್, ರೋಮಿಂಗ್ ಪ್ಯಾಕ್ ಈ ಮೂರರಲ್ಲಿ ಪ್ಯಾಕೇ ದುಬಾರಿ. ಆದರೂ ಅಪ್ಪ ದುಬೈಗೆ ಹೊರಟಾಗ ಅದನ್ನೇ ಹಾಕಿಸಿದೆ. ಅಲ್ಲಿ ವಾಟ್ಸ್ಯಾಪ್ ಕಾಲ್ ಹೋಗುವುದಿಲ್ಲ, ಅಪ್ಪನಿಗೆ ಸೆಟ್ಟಿಂಗ್ಸ್ ಮುಟ್ಟುವುದೆಂದರೆ ಭಯ. ಪ್ಯಾಕಿನಲ್ಲಿ ಮಾತಾಡಲು ನಿಮಿಷಗಳಿದ್ದವು. ದಿನಾ ಸಂಜೆ ಅವರದೇ ನಂಬರಿನಿಂದ ಫೋನ್ ಬರುತ್ತಿತ್ತು, ಅಮ್ಮನಿಗೆ ಅಷ್ಟು ಸಾಕಿತ್ತು.

ನಾನು ಹೋಗುವುದು ನಾಲ್ಕೈದು ದಿನಕ್ಕೆ, ಬೇಕಾಗುವುದು ಮ್ಯಾಪು, ವಾಟ್ಸ್ಯಾಪು, ಒಟಿಪಿ. ಅದಕ್ಕೆ ಇ-ಸಿಮ್. ತಿಂಗಳುಗಟ್ಟಲೆ ಇರುವವರು, ಅಲ್ಲಿನ ನಂಬರ್ ಬೇಕಾದವರು ಲೋಕಲ್ ಸಿಮ್ಮೇ ತಗೊಳ್ಳಿ. ಆದರೆ ರೋಮಿಂಗನ್ನು ಇಲ್ಲಿಂದಲೇ ಆನ್ ಮಾಡಿಕೊಂಡು ಹೋಗಿ, ಪರ್ಸಿನಲ್ಲಿ ಒಂದು ಸೇಫ್ಟಿ ಪಿನ್ನೂ ಇರಲಿ.