ಶಿವಾರಪಟ್ಟಣದಲ್ಲಿ ಸಮಾಧಿ ಕಲ್ಲು: ಕೆಲಸ ಚೆನ್ನ, ಅಕ್ಷರ ನೀವೇ ನೋಡಿಕೊಳ್ಳಿ

ಅಪ್ಪ ಅಮ್ಮನ ಸಮಾಧಿಗೆ ಕಲ್ಲು ಮಾಡಿಸಲು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿದ್ದೆ. ಎಲ್ಲಿ ನಿಂತರೂ ಉಳಿ ಸದ್ದು, ಕಲ್ಲಿನ ಧೂಳು. ಅಂಗಡಿ ಹೆಸರು ಹಾಕುವುದಿಲ್ಲ. ತಪ್ಪು ಮಾಡಿದರು, ಆದರೆ ತಿದ್ದಿಯೂ ಕೊಟ್ಟರು.

ಮೂರಡಿ ಎತ್ತರ, ಎರಡಡಿ ಅಗಲದ ಬೂದು ಗ್ರಾನೈಟ್. ಸಾಗಣೆ ಸೇರಿ 16,500 ರೂಪಾಯಿ. ಹದಿನೈದು ದಿನ ಅಂದವರು ಇಪ್ಪತ್ತಾರು ದಿನ ಮಾಡಿದರು. ಪಾಲಿಶ್ ಮಾತ್ರ ಸೊಗಸು, ಪಕ್ಕದ ಹುಣಸೆ ಮರ ಅದರಲ್ಲಿ ಕಾಣುತ್ತದೆ.

ಒಂದೇ ಕಲ್ಲಿಗೆ ಎರಡು ಹೆಸರು ಯಾಕೆ ಅಂತ ಕೆಲಸದವರು ಕೇಳಿದರು. ಕೋಲಾರದ ನಮ್ಮ ಸ್ಮಶಾನದಲ್ಲಿ ಜಾಗ ಇಲ್ಲ. ಅಪ್ಪನ ಗುಂಡಿಯನ್ನೇ ತೆರೆದು, ಮೂಳೆಗಳನ್ನು ಒಂದು ಬದಿಗೆ ಕೂಡಿಸಿ, ಅಮ್ಮನನ್ನು ಇಟ್ಟೆವು. ಅವರ ಮುಖ ಸಣ್ಣಗಾಯಿತು. ಹಳೇ ಯೆಹೂದ ನಾಡಿನವರೂ ಹೀಗೇ ಮಾಡುತ್ತಿದ್ದರು ಅಂದೆ. ಬಂಡೆ ಕೊರೆದ ಕೋಣೆ, ಒಳಗೆ ಕಲ್ಲಿನ ಜಗಲಿ. ಹೆಣವನ್ನು ಅಲ್ಲಿ ಮಲಗಿಸುವುದು. ಮೂಳೆ ಮಾತ್ರ ಉಳಿದ ಮೇಲೆ ಅಜ್ಜ ಮುತ್ತಜ್ಜರ ಮೂಳೆಗಳಿರುವ ಗುಂಡಿಗೆ ಸೇರಿಸುವುದು. ಬೈಬಲಿನಲ್ಲಿ 'ಪಿತೃಗಳ ಬಳಿಗೆ ಸೇರಿದನು' ಅಂತ ಓದಿದಾಗೆಲ್ಲ ನನಗೆ ಈಗ ಆ ಗುಂಡಿಯೇ ನೆನಪಾಗುತ್ತದೆ. 1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್‌ನಲ್ಲಿ ಅಂಥದ್ದೊಂದು ಸಿಕ್ಕಿತು. ಮೂಳೆಗಳ ಜೊತೆ ಮಡಕೆ, ದೀಪ, ಒಡವೆ, ಆಶೀರ್ವಾದ ಬರೆದ ಎರಡು ಪುಟ್ಟ ಬೆಳ್ಳಿ ಸುರುಳಿ.

"ಹಂಗಾದ್ರೆ ಎಡೆನೂ ಇಡ್ತಿದ್ರಾ ಸಾರ್?" ಅಂದರು.

ಅಲ್ಲಿ ಬೆಳೆಯ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಕೊಡುವವನು 'ಇದರಲ್ಲಿ ಸತ್ತವರಿಗೆ ಏನೂ ಕೊಟ್ಟಿಲ್ಲ' ಅಂತ ದೇವರ ಮುಂದೆ ಹೇಳಬೇಕಿತ್ತು. ಇಡುತ್ತಿದ್ದರು ಅಂತ ತಾನೇ ಅರ್ಥ? ಅವರಿಗೆ ನಗು ಬಂತು. "ಕದ್ದು ಇಡ್ತಿದ್ರು ಅನ್ನಿ."

ಇಷ್ಟೆಲ್ಲ ಮಾತಾಡಿದವರು ಅಮ್ಮನ ಹೆಸರನ್ನೇ ತಪ್ಪು ಕೆತ್ತಿದರು. ರಾಹೇಲಮ್ಮ ಹೋಗಿ 'ರಾಹೇಲಮ' ಆಗಿತ್ತು. ಒತ್ತಕ್ಷರವೇ ಇಲ್ಲ! ಬೈಬಲಿನಲ್ಲಿ ಯಾಕೋಬ ತನ್ನ ಹೆಂಡತಿ ರಾಹೇಲಳ ಸಮಾಧಿ ಮೇಲೆ ಕಂಬ ನಿಲ್ಲಿಸಿದ್ದನಲ್ಲ, ತಾತ ಅಮ್ಮನಿಗೆ ಇಟ್ಟಿದ್ದು ಅವಳದೇ ಹೆಸರು. ದಾವೀದ ರಾಜನ ಮಗ ಅಬ್ಷಾಲೋಮ ಅಂತೂ ಹೆಸರು ಉಳಿಸಲು ಮಗನಿಲ್ಲ ಅಂತ ಬದುಕಿರುವಾಗಲೇ ತನಗೊಂದು ಕಂಬ ನಿಲ್ಲಿಸಿಕೊಂಡ. ಅಮ್ಮನಿಗೆ ಮಗ ನಾನಿದ್ದೂ ಹೀಗಾಯಿತು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು. ಬಸ್ಸಿನಲ್ಲಿ ಕೂತು ಸುಮ್ನೆ 'ಓಕೆ' ಅಂದುಬಿಟ್ಟಿದ್ದೆ.

ಕೆತ್ತಿದ್ದನ್ನು ಅಳಿಸಲಾಗದು, ಸೇರಿಸಬಹುದು, ಅಷ್ಟೇ ಪುಣ್ಯ. ಹಿರಿಯರೊಬ್ಬರು ಮೆಷಿನ್ ಬಿಟ್ಟು ಉಳಿ ಹಿಡಿದು, ಅರ್ಧ ಗಂಟೆ ಕೂತು ಒತ್ತು ಕೊರೆದರು. ಜಾಸ್ತಿ ಕಾಸು ಕೇಳಲಿಲ್ಲ. ನವೆಂಬರ್ 2ಕ್ಕೆ ಸಮಾಧಿಗಳಿಗೆ ಹೂವು ಹಾಕುವ ದಿನ. 1ನೇ ತಾರೀಕು ಸಂಜೆ ಕಲ್ಲು ತಂದು ನಿಲ್ಲಿಸಿದರು.

ನಾಲ್ಕು ಸ್ಟಾರ್. ಮಾಡಿಸುವವರು ಅಕ್ಷರದ ಅಚ್ಚು ಅಂಟಿಸುವ ದಿನ ಖುದ್ದು ಹೋಗಿ ನಿಲ್ಲಿ.

ಸಾಲುಗಳ ನಡುವೆ ಜಾಗ ಕಮ್ಮಿ ಇತ್ತು. ಹಾಗಾಗಿ ಆ ಒತ್ತು ಕೆಳಗಿನ ಇಸವಿಗೆ ತಾಗುತ್ತದೆ. ತಂಗಿ ಬೆರಳಿಟ್ಟು ನೋಡಿ, "ಇದೊಂದ್ಯಾಕೆ ಇಷ್ಟು ಸಣ್ಣ?" ಅಂದಳು.